ಓರೆ

ಮರ್ವ್ ಟ್ರೆಝೈಸನ ಶೆಡ್ಡಿಗೆ ಹೋದದ್ದು
ಅವನ ಮಣಿಕಟ್ಟು ನೋಡಲು.
ವೈಯಾಲಾದ ಆಸ್ಪತ್ರೆಯಲ್ಲಿ ಕೈಗಳ ಕೆಲಸ ನನ್ನದು:
ಬಿಸಿನೀರಲ್ಲಿ ಪ್ಲಾಸ್ಟಿಕ್ ಹಾಳೆ ಮೆತ್ತಗಾಗಿಸಿ
ಮುರಿದ ಬೆರಳಿಗೆ, ಮಾತು ಕೇಳದ ಹೆಬ್ಬೆರಳಿಗೆ
ಅಚ್ಚು ಕೂರಿಸುತ್ತೇನೆ.
ಎರಡು ಸರದಿ ತಪ್ಪಿಸಿಕೊಂಡಿದ್ದ ಮುದುಕ.
"ಕೈ ನೋಡಬೇಕಾದರೆ ಕೈ ಇರುವಲ್ಲಿಗೆ ಬಾ"
ಎಂದು ಫೋನಿನಲ್ಲಿ ಗೊಣಗಿದ್ದ.

ತಗಡಿನ ಶೆಡ್ಡು. ಗೋಡೆಗೆಲ್ಲ ಕೆಂಪು ಧೂಳು,
ಊರಿಗೇ ಮೆತ್ತಿಕೊಂಡ ಅದಿರಿನ ಬಣ್ಣ.
ಹದಿನಾರಕ್ಕೆ ಹಡಗುಕಟ್ಟೆ ಸೇರಿದವನು;
ಎರಡೇ ವರ್ಷಕ್ಕೆ ಕಟ್ಟೆಗೇ ಬೀಗ.
ಕೊನೆಯ ದಿನ ತೋಳಿನೊಳಗೆ ಅಡಗಿಸಿ ತಂದ ಅರ
ಇನ್ನೂ ಹಲ್ಲು ಉಳಿಸಿಕೊಂಡಿದೆ,
"ನನಗಿಂತ ವಾಸಿ" ಎಂದು ಬೊಚ್ಚುಬಾಯಿ ತೆರೆದು ತೋರಿಸಿದ.

ಬೆಂಚಿನ ಮೇಲೆ ಯಾವುದೋ ಲಾರಿಯ ಸ್ಪ್ರಿಂಗ್ ಪಟ್ಟಿ,
ಕೆಂಪಗೆ ಕಾದು, ರಾತ್ರಿಯಿಡೀ ಬೂದಿಯಲ್ಲಿ ಮಲಗಿ, ಬಿಗುಮಾನ ಬಿಟ್ಟು
ಈಗ ಚಾಕುವಿನ ಆಕಾರಕ್ಕೆ ಬಂದಿದೆ;
ಬುದ್ಧಿ ಇನ್ನೂ ಬಂದಿಲ್ಲ.
ಮೈಗೆ ನೀಲಿ ಬಳಿದು, ಅಂಚಿನುದ್ದಕ್ಕೆ ಎರಡು ಗೆರೆ.
ಗೆರೆಗಳ ನಡುವೆ ಉಗುರಿನ ದಪ್ಪದಷ್ಟು ಜಾಗ.
"ಹರಿತ ಈಗಲೇ ಬೇಡ.
ತೀರ ತೆಳ್ಳಗಾದದ್ದು ಬೆಂಕಿಯಲ್ಲಿ ಸೊಟ್ಟಗಾಗುತ್ತದೆ."

ಆಮೇಲೆ ಅವನ ಜಿಗ್:
ಒಂದು ಹಲಗೆ, ನೆಟ್ಟಗೆ ನಿಂತ ತಿರುಪಿನ ಕಂಬಿ,
ಕಂಬಿಗೊಂದು ಕಬ್ಬಿಣದ ಕಣ್ಣು,
ಕಣ್ಣಿನೊಳಗೆ ತೂರಿದ ಸರಳು, ಸರಳಿನ ತುದಿಗೆ ಅರ.
ಕಣ್ಣು ಎತ್ತಿದಷ್ಟೂ ಓರೆ ಕಡಿದು.

ಅರಕ್ಕೆ ಸೀಮೆಸುಣ್ಣ ತಿಕ್ಕಿ ಶುರುಮಾಡಿದ.
ಕೈ ನಡುಗುತ್ತಲೇ ಇತ್ತು.
ಮೊಣಕೈಯಿಂದ ಹೊರಟ ನಡುಕ ಹಿಡಿಯತನಕ ಬಂತು.
ಅತ್ತಿತ್ತ ಬೇಕಾದರೆ ಆಡಿಕೊಳ್ಳಲಿ;
ಮೇಲೆ ದಾರಿಯಿಲ್ಲ, ಕೆಳಗೆ ದಾರಿಯಿಲ್ಲ,
ಕಬ್ಬಿಣದ ಕಣ್ಣು ರೆಪ್ಪೆ ಮಿಟುಕಿಸದೆ ಕೂತಿದೆ.
ತಳ್ಳು. ಎತ್ತು. ತಾ. ತಳ್ಳು.
ನೀಲಿ ಹರಿದು ಬೆಳ್ಳಗೆ ಒಂದು ಓರೆ
ಗೆರೆಯ ಕಡೆ ಇಳಿಯತೊಡಗಿತು.

ಜಿಗ್ಗಿನಲ್ಲಿ ಮಾಡಿದ್ದು ಕೈಚಾಕುವೇ ಅಲ್ಲ
ಎಂದನಂತೆ ಪೋರ್ಟ್ ಅಗಸ್ಟಾದ ಸಂತೆಯಲ್ಲಿ ಒಬ್ಬ ಗಡ್ಡದವನು.
ನನಗೆ ಈಳಿಗೆಮಣೆ ನೆನಪಾಯಿತು:
ಅಲಗು ಕೂತಲ್ಲೇ ಕೂತಿರುತ್ತದೆ,
ಬದನೆಕಾಯಿಯೇ ನಡೆದು ಬರಬೇಕು.
ಅದನ್ನು ಯಾರೂ ಮೋಸ ಎಂದದ್ದಿಲ್ಲ.

ಬಂದ ಕೆಲಸ ಬಿಡುವುದುಂಟೆ?
ಕೋನಮಾಪಕ ತೆಗೆದೆ.
ಮಣಿಕಟ್ಟು, ಹಿಂದಕ್ಕೆ: ಮೂವತ್ತೆಂಟು.
ಹೋದ ತಿಂಗಳೂ ಅಷ್ಟೇ.
ಕೈಯಲ್ಲೇ ಇತ್ತಲ್ಲ, ಸುಮ್ಮನೆ ಜಿಗ್ಗಿಗೂ ಹಿಡಿದೆ.
ಹಲಗೆಯ ಮೇಲೆ ಮೊಳೆಯಿಂದ ಕೊರೆದಿದ್ದಾನೆ, ಹದಿನೇಳು.
ಮಾಪಕದಲ್ಲಿ ಹತ್ತೊಂಬತ್ತು.
ಇಪ್ಪತ್ತೆರಡು ವರ್ಷದ ಚಾಕುಗಳು,
ಎಷ್ಟೊಂದು ಅಡುಗೆಮನೆ, ಎಷ್ಟೊಂದು ಮೀನು!

ಹೇಳಲೋ ಬೇಡವೋ.
ಹೇಳಿದೆ.
ಅರ ನಿಲ್ಲಲಿಲ್ಲ.
"ಎರಡೂ ಮಗ್ಗುಲು ಒಂದೇ ತಾನೆ?"
ಅಲಗು ಮಗುಚಿ ಹಾಕಿಸಿ ಅಳೆದೆ.
ಹತ್ತೊಂಬತ್ತು.

ನಮ್ಮಲ್ಲಿ ಓರೆ ಎಂದರೆ ವಾಲಿದ್ದು,
ಒರೆ ಎಂದರೆ ಕತ್ತಿ ಮಲಗುವ ಮನೆ,
ಬಂಗಾರ ತಿಕ್ಕಿ ನೋಡುವ ಕಲ್ಲೂ ಅದೇ,
ಎಳೆದು ಹೇಳುವುದಷ್ಟೇ ವ್ಯತ್ಯಾಸ ಎಂದೆ.
ಮೂರು ಸಲ ಹೇಳಿಸಿಕೊಂಡು ತಲೆಯಾಡಿಸಿದ;
ಅವನ ಕಿವಿಗೆ ಎರಡೂ ಒಂದೇ.

ಹೊರಡುವ ಮುನ್ನ ಹಿಡಿ ನನಗೆ ಕೊಟ್ಟ.
ಒಂದಿಷ್ಟೂ ನಡುಗದ ನನ್ನ ಕೈ
ಹಿಂದಕ್ಕೆ ತರುವಾಗ ಅರ ಎತ್ತಲು ಮರೆತು
ಕರ್ರೆಂದು ಎಳೆಯಿತು.
"ಹಲ್ಲು!" ಎಂದು ಕೂಗಿ
ತನ್ನ ದವಡೆಯನ್ನೇ ಹಿಡಿದುಕೊಂಡ.

ಈಗ ಆಸ್ಪತ್ರೆಯ ಫಾರಮ್ಮು ಮುಂದಿದೆ.
ಸುಧಾರಣೆ ಎಂಬ ಖಾನೆಯಲ್ಲಿ
ಹೆಬ್ಬೆಟ್ಟಿನಷ್ಟು ನೀಲಿ ಮೆತ್ತಿಕೊಂಡಿದೆ.
ಅಳಿಸಲು ಹೋದರೆ
ಇನ್ನಷ್ಟು ಹರಡುತ್ತಿದೆ.